ಗಾಳಿ ಕುಡಿಯುವ ವ್ಯಾನು

"ಈ ವ್ಯಾನು ಈ ಮನೆ ಬಿಟ್ಟು ಹೋಗಲ್ಲ. ಹೋದ್ರೆ ನಿಮ್ಮಮ್ಮನ್ನ ಹಾಸಿಗೆ ಮೇಲೆ ಮಲಗಿಸ್ಕೊಂಡು ನಿಮ್ಮ ದೊಡ್ಡಮ್ಮನ ಮನೆಗೆ ಹೋಗುತ್ತೆ, ರಾಣಿ ಥರ ವಾಪಸ್ ಕರ್ಕೊಂಡು ಬರುತ್ತೆ. ಬೇಕಿದ್ರೆ ಬರೆದಿಟ್ಕೋ!"

ಊಟದ ಮೇಜಿನ ಮುಂದೆ ಎದ್ದು ನಿಂತು, ಕೈಗೆ ಸಿಕ್ಕ ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದೆ. ಇಂಥ ಘೋಷಣೆಯಾದ ಮೇಲೆ ಸಭೆಯಲ್ಲಿ ಕ್ಷಣಕಾಲ ಮೌನ ನೆಲೆಸಬೇಕು ತಾನೇ? ನೆಲೆಸಿತು. ಆಮೇಲೆ ನನ್ನ ಹೆಂಡತಿ ಸೌಟು ವಾಪಸು ಕೇಳಿದಳು. ಬಡಿಸುವುದಿತ್ತಂತೆ.

ನಾನು ಕಿವಿಯ ಯಂತ್ರದ ಅಂಗಡಿಯವನು. ಕಿವಿ ಮಂದವಾದವರನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆ ಮಾಡಿ, ಅವರ ಕಿವಿಯ ಅಳತೆಗೆ ತಕ್ಕ ಯಂತ್ರ ಕೂರಿಸಿ ಕಳಿಸುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷಗಳಲ್ಲಿ ಅರ್ಧ ಊರಿಗೆ ಕೇಳಿಸುವಂತೆ ಮಾಡಿದ್ದೇನೆ. ನನ್ನ ಮನೆಯವರು ನನ್ನ ಮಾತು ಕೇಳುವಂತೆ ಮಾಡುವ ಯಂತ್ರ ಮಾತ್ರ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೋಫಾ ದಿಂಬು, ಕಿಟಕಿ ಪರದೆ ಹೊಲಿದು ಕೊಡುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲಿ ಕೈ ಹಾಕಿದರೂ ಒಂದು ಫೋಮಿನ ತುಂಡು ಸಿಗುತ್ತದೆ. ಜೊತೆಗೆ ಅತ್ತೆ ಇದ್ದಾರೆ, ಅಂದರೆ ಹೆಂಡತಿಯ ತಾಯಿ. ವಯಸ್ಸು ಎಂಬತ್ತೊಂದು. ಅವರ ಎರಡೂ ಕಿವಿಗೆ ಯಂತ್ರ ಕೂರಿಸಿದವನು ನಾನೇ.

ಇನ್ನು ಆ ವ್ಯಾನು. ಅದಕ್ಕೆ ನಲವತ್ತೆಂಟು ವರ್ಷ. ಮೇಲೆ ಕೆನೆ ಬಣ್ಣ, ಕೆಳಗೆ ಹಸಿರು, ಮುಂದೆ ಎರಡು ದುಂಡು ದೀಪ. ಎದುರಿಗೆ ನಿಂತು ನೋಡಿದರೆ ಈಗತಾನೇ ಒಳ್ಳೆಯ ಸುದ್ದಿ ಕೇಳಿದವರ ಮುಖ. ಒಳಗೆ ಕಾಲು ಚಾಚಿ ಮಲಗುವಷ್ಟು ಹಾಸಿಗೆ, ಒಂದು ಪುಟ್ಟ ಒಲೆ, ಮಡಚುವ ಮೇಜು. ಎಂಜಿನ್ನು ಹಿಂಭಾಗದಲ್ಲಿ. ರೇಡಿಯೇಟರ್ ಎಂಬುದು ಇಲ್ಲವೇ ಇಲ್ಲ! ಒಂದು ತೊಟ್ಟು ನೀರು ಬೇಡ, ಹೊರಗಿನ ಗಾಳಿಯನ್ನು ಎಳೆದುಕೊಂಡು ತನ್ನನ್ನು ತಾನೇ ತಣ್ಣಗೆ ಇಟ್ಟುಕೊಳ್ಳುತ್ತದೆ. ಇದನ್ನು ನಾನು ಅಂಗಡಿಗೆ ಬಂದ ಗಿರಾಕಿಗಳಿಗೆ ಯಂತ್ರ ಕೂರಿಸಿದ ತಕ್ಷಣ ಹೇಳುತ್ತೇನೆ. ಕೆಲವರು ಅಲ್ಲಿಯೇ ಯಂತ್ರ ತೆಗೆದು ಕೊಟ್ಟದ್ದೂ ಉಂಟು.

ನಗಬೇಡಿ, ಈ ಗಾಡಿಯ ಮೇಲೆ ನನಗೆ ನಿಜವಾಗಿಯೂ ಪ್ರೀತಿ ಇದೆ. ಹೊಸ ಕಾರಿನ ಬಾನೆಟ್ಟು ಎತ್ತಿದರೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ನಿನಗೇನು ತಿಳಿಯುತ್ತದೆ, ಮುಚ್ಚು ಎಂದು ಅದು ಗದರಿಸುತ್ತದೆ. ನನ್ನ ವ್ಯಾನಿನಲ್ಲಿ ಹಿಂದಿನ ಬಾಗಿಲು ತೆಗೆದರೆ ಎಂಜಿನ್ನು ಪೂರ್ತಿ ಕಣ್ಣಿಗೆ ಬೀಳುತ್ತದೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ನನ್ನಂಥವನಿಗೂ ತಿಳಿಯುತ್ತದೆ. ರಸ್ತೆಗೆ ತಂದರೆ ಎದುರಿಗೆ ಬಂದವರೆಲ್ಲ ಕೈ ಬೀಸುತ್ತಾರೆ. ಐವತ್ತೆಂಟು ವರ್ಷ ಬದುಕಿದ ಮೇಲೂ ನನ್ನನ್ನು ನೋಡಿ ಯಾರೂ ಹಾಗೆ ಕೈ ಬೀಸಿರಲಿಲ್ಲ.

ಹೆಂಡತಿಗೆ ಇದು ಬೇರೆಯೇ ಥರ ಕಾಣುತ್ತಿತ್ತು. ವ್ಯಾನು ಅಂಗಳ ಪೂರ್ತಿ ಹಿಡಿದಿದೆ, ದಿಂಬು ಒಯ್ಯಲು ಬಂದವರಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ, ನೆಲಕ್ಕೆ ಎಣ್ಣೆ ತೊಟ್ಟಿಕ್ಕುತ್ತದೆ, ವರ್ಷಕ್ಕೆ ಎಂಟು ಸಲ ಬೀದಿಯ ಕೊನೆಯವರೆಗೆ ಹೋಗಿ ಬರುವುದಕ್ಕೆ ಇಷ್ಟು ದೊಡ್ಡ ಗಾಡಿ ಯಾಕೆ? ಇದರ ಜೊತೆಗೆ ಹಲ್ಲಿನ ಡಾಕ್ಟರ ಕಾಟ ಬೇರೆ. ಅವರ ಬಳಿ ಇಂಥವೇ ನಾಲ್ಕು ಹಳೆಯ ಗಾಡಿಗಳಿವೆ, ಐದನೆಯದಾಗಿ ನನ್ನದು ಬೇಕಂತೆ. ಭಾನುವಾರ ತಪ್ಪದೆ ಬಂದು ವ್ಯಾನಿನ ಬೆನ್ನು ಸವರಿ, ಒಂದು ಮೊತ್ತ ಹೇಳಿ ಹೋಗುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತುಬಿಡುತ್ತಿತ್ತು.

ಇಂಥ ಹೊತ್ತಿನಲ್ಲಿ ನನ್ನ ನೆರವಿಗೆ ಬಂದದ್ದು ಅತ್ತೆಯ ಸೊಂಟ. ಅತ್ತೆಗೆ ಒಬ್ಬಳೇ ಅಕ್ಕ, ಎಂಬತ್ತಾರು ವರ್ಷ, ಗುಡ್ಡದ ಆಚೆ ತೊಂಬತ್ತು ಕಿಲೋಮೀಟರು ದೂರದ ಪೇಟೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಇಬ್ಬರೂ ಮುಖ ನೋಡಿ ಮೂರು ವರ್ಷವಾಗಿತ್ತು. ಫೋನು ಇದೆಯಲ್ಲ ಎನ್ನಬೇಡಿ. ಇಬ್ಬರಿಗೂ ಕಿವಿ ಮಂದ. ಇವರು "ಏನಂದೆ?" ಎನ್ನುತ್ತಾರೆ, ಅವರು "ಹಾಂ?" ಎನ್ನುತ್ತಾರೆ, ಹತ್ತು ನಿಮಿಷ ಹೀಗೆ ನಡೆದು ಇಬ್ಬರೂ ಕಣ್ಣೊರೆಸಿಕೊಂಡು ಫೋನಿಡುತ್ತಾರೆ. ಅಕ್ಕನಿಗೆ ಈಚೆಗೆ ನೆನಪೂ ಕೈಕೊಡುತ್ತಿದೆ ಎಂದು ಅವರ ಮಗ ಹೇಳಿದ ಮೇಲೆ ಅತ್ತೆ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟರು. ಅವಳು ನನ್ನ ಮರೆಯೋದರೊಳಗೆ ಒಂದು ಸಲ ನೋಡಬೇಕು ಎಂದು ದಿನಕ್ಕೆರಡು ಬಾರಿ ಹೇಳುತ್ತಿದ್ದರು.

ಆದರೆ ಅತ್ತೆಯ ಸೊಂಟ ನೋಡಿದ ವೈದ್ಯರು ಅರ್ಧ ಗಂಟೆಗಿಂತ ಹೆಚ್ಚು ಕೂರಕೂಡದು ಎಂದಿದ್ದರು. ಮಲಗಿಕೊಂಡು ಎಷ್ಟು ದೂರ ಬೇಕಾದರೂ ಹೋಗಬಹುದಂತೆ. ಹೆಂಡತಿ ಆಂಬುಲೆನ್ಸ್ ಗೊತ್ತುಮಾಡೋಣ ಎಂದಳು. ಅತ್ತೆ ಒಪ್ಪಲಿಲ್ಲ. "ಅಕ್ಕನ ಬಾಗಿಲಿಗೆ ಆಂಬುಲೆನ್ಸಲ್ಲಿ ಹೋಗಿ ನಿಂತ್ರೆ, ನಾನು ಇಳಿಯೋದರೊಳಗೆ ಅವಳು ಹೋಗಿಬಿಡ್ತಾಳೆ" ಎಂದರು.

ಆಗಲೇ ನಾನು ಸೌಟು ಎತ್ತಿದ್ದು. ಹೆಂಡತಿ ಬಡಿಸುತ್ತ ಬಡಿಸುತ್ತಲೇ ಷರತ್ತು ಹಾಕಿದಳು.

"ಆಯ್ತು. ಅಮ್ಮನ್ನ ಕರ್ಕೊಂಡು ಹೋಗಿ ಬರೋಣ. ಗಾಡಿ ದಾರೀಲಿ ಒಂದೇ ಒಂದು ಸಲ ಕೈಕೊಟ್ರೂ, ಭಾನುವಾರ ಬೀಗದಕೈ ಡಾಕ್ಟ್ರಿಗೆ. ಒಪ್ಪಿಗೆನಾ?"

ಒಪ್ಪಿದೆ. ಒಪ್ಪುವಾಗ ಮೀಸೆಯನ್ನೂ ತಿರುವಿದೆ ಎಂದು ನೆನಪು.

ಹದಿನೈದು ದಿನ ತಯಾರಿ ನಡೆಯಿತು. ಎಣ್ಣೆ ಬದಲಾಯಿಸಿದೆ, ಬ್ರೇಕು ನೋಡಿಸಿದೆ, ಟೈರು ಹೊಸದು ಹಾಕಿಸಿದೆ. ಹೆಂಡತಿ ಬಾಯಲ್ಲಿ ಗೊಣಗುತ್ತಲೇ ಹಾಸಿಗೆಗೆ ಹೊಸ ಫೋಮು ಹಾಕಿ, ಮೇಲೆ ಹೂವಿನ ಬಟ್ಟೆಯ ಹೊದಿಕೆ ಹೊಲಿದು, ಅದೇ ಬಟ್ಟೆಯಲ್ಲಿ ಕಿಟಕಿಗಳಿಗೆ ಪರದೆಯನ್ನೂ ಕಟ್ಟಿದಳು. ಹೊರಡುವ ಹಿಂದಿನ ದಿನ ಅತ್ತೆಯನ್ನು ಮಲಗಿಸಿಕೊಂಡು ಬೀದಿಯಲ್ಲಿ ಎರಡು ಸುತ್ತು ಹಾಕಿದೆವು. ಇಳಿಯುವಾಗ ಹೇಗಿತ್ತು ಎಂದು ಕೇಳಿದೆ. ಹಾಸಿಗೆ ಚೆನ್ನಾಗಿದೆ, ಹಿಟ್ಟಿನ ಗಿರಣಿ ಒಳಗೆ ಮಲಗಿದ ಹಾಗಿತ್ತು ಎಂದರು.

ಹಿಟ್ಟಿನ ಗಿರಣಿ! ಶಬ್ದವನ್ನೇ ನಂಬಿ ಅನ್ನ ತಿನ್ನುವ ನನ್ನಂಥವನಿಗೆ ಈ ಮಾತು ಚುಚ್ಚದೆ ಇರುತ್ತದೆಯೇ? ಅಂಗಡಿಯಿಂದ ಶಬ್ದ ಅಳೆಯುವ ಮೀಟರು ತಂದು, ಎಂಜಿನ್ನು ಚಾಲೂ ಮಾಡಿ, ಅತ್ತೆಯ ದಿಂಬಿನ ಮೇಲೆ ಇಟ್ಟು ನೋಡಿದೆ. ಮುಳ್ಳು ಕೆಂಪು ಗೆರೆ ದಾಟಿ ನಡುಗುತ್ತಿತ್ತು. ಆರೋಗ್ಯವಂತರ ಕಿವಿಗೇ ಇದು ಹೆಚ್ಚು. ಯಂತ್ರ ಹಾಕಿದವರಿಗಂತೂ ಒಂದಕ್ಕೆ ನಾಲ್ಕಾಗಿ ಕೇಳುತ್ತದೆ. ಮೂರು ಗಂಟೆ ಹೀಗೆ ಹೋದರೆ ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಅತ್ತೆಗೆ ತಲೆ ಸಿಡಿದು, ಅಕ್ಕನ ಒಂದು ಮಾತೂ ಕೇಳಿಸುವುದಿಲ್ಲ. ಅಳಿಯನಾಗಿ, ಅದಕ್ಕಿಂತ ಹೆಚ್ಚಾಗಿ ಕಿವಿಯವನಾಗಿ, ಇದನ್ನು ನಾನು ಸಹಿಸುವುದುಂಟೇ?

ಮೀಟರು ಹಿಡಿದು ವ್ಯಾನಿನ ಸುತ್ತ ತಿರುಗಿದೆ. ಸದ್ದು ಎಲ್ಲಿಂದ ಜಾಸ್ತಿ ಬರುತ್ತಿದೆ ಎಂಬುದು ಸಿಕ್ಕಿಬಿಟ್ಟಿತು. ಹಿಂದಿನ ಎರಡು ಮೂಲೆಗಳಲ್ಲಿ ಮೇಲ್ಗಡೆ ಸೀಳು ಸೀಳಾದ ಕಿಂಡಿಗಳಿವೆ, ಅಲ್ಲಿಂದ. ಹೆಂಡತಿಯ ಕೋಣೆಗೆ ಹೋಗಿ ಉಳಿದ ಫೋಮು ತಂದೆ, ಚೌಕ ಚೌಕವಾಗಿ ಕತ್ತರಿಸಿದೆ, ಒಂದೊಂದೇ ಸೀಳಿಗೆ ಒತ್ತಿ ತುಂಬಿದೆ. ಮುಳ್ಳು ಕೆಂಪು ಗೆರೆಯಿಂದ ಕೆಳಗಿಳಿಯಿತು. ಆ ಹೊತ್ತಿನಲ್ಲಿ ನನಗಾದ ಆನಂದವನ್ನು ಏನೆಂದು ಹೇಳಲಿ!

ಆ ಕಿಂಡಿಗಳು ಯಾತಕ್ಕಿವೆ ಎಂದು ನಿನಗೆ ಗೊತ್ತಿರಲಿಲ್ಲವೇನಯ್ಯಾ ಎಂದು ನೀವು ಕೇಳಬಹುದು. ಗೊತ್ತಿತ್ತು. ಎಂಜಿನ್ನು ಗಾಳಿ ಕುಡಿಯುವುದು ಅದೇ ಕಿಂಡಿಗಳಿಂದ ಎಂದು ನೂರಾರು ಗಿರಾಕಿಗಳಿಗೆ ಚಿತ್ರ ಬರೆದು ತೋರಿಸಿದವನು ನಾನೇ. ಆದರೆ ಕೈಯಲ್ಲಿ ಮೀಟರು ಇದ್ದಾಗ ನನಗೆ ಶಬ್ದವೊಂದೇ ಕಾಣುತ್ತದೆ, ಜಗತ್ತಿನ ಉಳಿದ ವಿಷಯಗಳೆಲ್ಲ ಮಾಯವಾಗುತ್ತವೆ. ಪೂರ್ತಿ ಮುಚ್ಚಿಲ್ಲವಲ್ಲ, ಎರಡೂ ಕಡೆ ಒಂದೊಂದು ಸೀಳು ಬಿಟ್ಟಿದ್ದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಂಡತಿಗೆ ಹೇಳಲಿಲ್ಲ, ದಾರಿಯಲ್ಲಿ ಅವಳೇ ಗಮನಿಸಿ ಮೆಚ್ಚಲಿ ಎಂದು ಸುಮ್ಮನಿದ್ದೆ.

ಬೆಳಿಗ್ಗೆ ಏಳಕ್ಕೆ ಹೊರಟೆವು. ಅತ್ತೆ ಹೊಸ ಸೀರೆ ಉಟ್ಟು, ಚೀಲವನ್ನು ಎದೆಗವಚಿಕೊಂಡು ಹಾಸಿಗೆಯ ಮೇಲೆ ಮಲಗಿದರು. ಮೊದಲ ನಲವತ್ತು ಕಿಲೋಮೀಟರು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಜನ ಕೈ ಬೀಸಿದರು, ನಾನೂ ಬೀಸಿದೆ. ಗಾಡಿ ಎಷ್ಟು ಮೆತ್ತಗೆ ಹೋಗ್ತಿದೆ ನೋಡಿದ್ಯಾ ಎಂದು ಹೆಂಡತಿಯನ್ನು ಮೂರು ಸಲ ಕೇಳಿದೆ. ಮೂರನೆಯ ಸಲ ಅವಳು ಹೌದು ಎಂದು ಒಪ್ಪಿಕೊಂಡಳು.

ಗುಡ್ಡದ ರಸ್ತೆ ಶುರುವಾಯಿತು. ಎರಡನೇ ತಿರುವಿನಲ್ಲಿ ಬಿಸಿ ಎಣ್ಣೆಯ ವಾಸನೆ ಬಂತು. ಯಾವುದೋ ಲಾರಿಯದು ಎಂದೆ. ಹಿಂದೆ ಮುಂದೆ ಲಾರಿ ಇರಲಿಲ್ಲ. ಮೂರನೇ ತಿರುವಿನಲ್ಲಿ ಎಣ್ಣೆಯ ಕೆಂಪು ದೀಪ ಕಣ್ಣು ಮಿಟುಕಿಸಿತು. ನಾಲ್ಕನೆಯದರಲ್ಲಿ ಎಂಜಿನ್ನು ಒಂದು ಉದ್ದನೆಯ ನಿಟ್ಟುಸಿರು ಬಿಟ್ಟು ನಿಂತೇ ಹೋಯಿತು. ವ್ಯಾನನ್ನು ಹೇಗೋ ರಸ್ತೆಯ ಪಕ್ಕಕ್ಕೆ ಉರುಳಿಸಿದೆ. ಹೆಂಡತಿ ನನ್ನ ಕಡೆ ನೋಡಲಿಲ್ಲ. ಗಡಿಯಾರ ನೋಡಿದಳು, ಆಮೇಲೆ ತಿರುಗಿ ಅಮ್ಮನನ್ನು ನೋಡಿದಳು.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರು ನಿಂತಿತು. ಅದರ ಚಾಲಕ ಬಲು ಉಪಕಾರಿ. ಬಿಸಿಯಾಗಿದೆ ಎಂದು ಒಂದೇ ನೋಟಕ್ಕೆ ತಿಳಿದು, ಎರಡು ಬಕೆಟ್ ನೀರು ತಂದು, ಎಲ್ಲಿ ಸುರಿಯಲಿ ಎಂದು ಕೇಳಿದ. ಈ ಗಾಡಿಗೆ ನೀರು ಬೇಡ, ಇದು ಗಾಳಿಯಿಂದಲೇ ತಣ್ಣಗಾಗುತ್ತದೆ ಎಂದು ನಾನು ವಿವರಿಸಿದೆ. ಅವನು ಸುಡುತ್ತಿದ್ದ ಎಂಜಿನ್ನನ್ನು ನೋಡಿದ, ನನ್ನನ್ನು ನೋಡಿದ. "ಗಾಳಿ ಬೇಕಾದಷ್ಟಿದೆಯಲ್ಲ ಸಾರ್, ಮತ್ಯಾಕೆ ತಣ್ಣಗಾಗ್ಲಿಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಕೆಟ್ ಅಲ್ಲಿಯೇ ಬಿಟ್ಟು ಹೋದ. ನನ್ನ ಕಣ್ಣು ತಾನಾಗಿ ಆ ಕಿಂಡಿಗಳ ಕಡೆ ಹೋಯಿತು. ನಾನು ಬಿಟ್ಟಿದ್ದ ಎರಡು ಸೀಳುಗಳೂ ಕಾಣಲಿಲ್ಲ. ಒಳಗಿನ ಫ್ಯಾನು ಎಳೆದ ಎಳೆತಕ್ಕೆ ಫೋಮು ಜಾರಿ ಅವನ್ನೂ ಮುಚ್ಚಿಬಿಟ್ಟಿತ್ತು.

ಹೆಂಡತಿ ಎದುರಿಗೇ ನಿಂತಿದ್ದಳು. ಈಗ ಹೋಗಿ ಫೋಮು ಕಿತ್ತರೆ ಸಿಕ್ಕಿಬೀಳುತ್ತೇನೆ, ಕೀಳದಿದ್ದರೆ ಗಾಡಿ ಹೊರಡುವುದಿಲ್ಲ. ನಾನು ಈ ಇಕ್ಕಟ್ಟಿನಲ್ಲಿ ಒಂದು ಬಕೆಟ್ಟಿನ ಸುತ್ತ ತಿರುಗುತ್ತಿರುವಾಗಲೇ ಅವಳು ಫೋನು ತೆಗೆದು ಹಲ್ಲಿನ ಡಾಕ್ಟರಿಗೆ ಕರೆ ಮಾಡಿದಳು. ಈ ಜಾತಿಯ ಎಂಜಿನ್ನು ಗೊತ್ತಿರುವವರು ಅವರೊಬ್ಬರೇ, ಹೇಗೂ ಭಾನುವಾರದಿಂದ ಗಾಡಿ ಅವರದೇ ಎಂದಳು.

ಡಾಕ್ಟರು ಬರುವವರೆಗೆ ಅತ್ತೆ ವ್ಯಾನಿನ ಒಲೆ ಹಚ್ಚಿಸಿ, ಟ್ರ್ಯಾಕ್ಟರಿನವನ ನೀರಿನಲ್ಲೇ ಚಹಾ ಮಾಡಿಸಿದರು. ಪರದೆ ಸರಿಸಿ, ಕಣಿವೆ ನೋಡುತ್ತ ಒರಗಿ ಕುಡಿದರು. ಅಕ್ಕ ಕಾಯ್ತಿರ್ತಾಳೆ ಎಂದು ಒಂದೇ ಸಲ ಮೆಲ್ಲಗೆ ಹೇಳಿದರು.

ಒಂದು ಗಂಟೆಯಲ್ಲಿ ಡಾಕ್ಟರು ತಮ್ಮ ಪುಟ್ಟ ದುಂಡು ಕಾರಿನಲ್ಲಿ ಬಂದರು. ಅದೂ ಗಾಳಿ ಕುಡಿಯುವ ಜಾತಿಯದೇ. ಗೆದ್ದವರ ಗತ್ತಿನಿಂದ ಬರುತ್ತಾರೆ ಎಂದುಕೊಂಡಿದ್ದೆ. ಪಾಪ, ಮಗುವಿಗೆ ಜ್ವರ ಬಂದವರ ಮುಖ ಮಾಡಿಕೊಂಡು ಇಳಿದರು. ನನ್ನನ್ನು ಮಾತಾಡಿಸದೆ ನೇರ ವ್ಯಾನಿನ ಬಳಿ ಹೋಗಿ ಮೂಸಿದರು, ಬೆನ್ನ ಮೇಲೆ ಕೈಯಿಟ್ಟರು, ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಕಿಂಡಿಯೊಳಗೆ ಇಣುಕಿದರು. ಆಮೇಲೆ ಕಾರಿನಿಂದ ಹಲ್ಲು ಕೀಳುವ ಇಕ್ಕಳ ತಂದು, ಒಳಗಿನಿಂದ ಒಂದು ಫೋಮಿನ ತುಂಡನ್ನು ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಸರಕ್ಕನೆ ಎಳೆದರು. ಒಂದಾದ ಮೇಲೊಂದು ಇಪ್ಪತ್ತಮೂರು ತುಂಡು! ತಮ್ಮ ಕಾರಿನ ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿದರು. ಪ್ರತಿ ತುಂಡು ಹೊರಬಂದಾಗಲೂ ನನಗೇ ಹಲ್ಲು ಕಿತ್ತ ಹಾಗಾಗುತ್ತಿತ್ತು.

"ಗಾಡಿ ತಪ್ಪಿಲ್ಲ ಇದರಲ್ಲಿ. ಉಸಿರು ಕಟ್ಟಿಸಿಬಿಟ್ಟಿದ್ದಾರೆ" ಎಂದರು.

ಇಲಿ ಇರಬಹುದು ಎಂದು ನಾನು ತಗ್ಗಿದ ದನಿಯಲ್ಲಿ ಸೂಚಿಸಿದೆ. ಡಾಕ್ಟರು ಒಂದು ತುಂಡನ್ನು ಎತ್ತಿ ಹಿಡಿದು ನಾಲ್ಕು ಮೂಲೆಯನ್ನೂ ತೋರಿಸಿದರು. ಇಲಿ ಇಷ್ಟು ಚೌಕವಾಗಿ ಕತ್ತರಿಸುವುದಿಲ್ಲವಂತೆ. ಹೆಂಡತಿ ಆ ತುಂಡನ್ನು ಕೈಗೆ ತಗೊಂಡಳು. ಅದು ಅವಳ ಕೋಣೆಯ ಫೋಮು. "ಇದನ್ನ ಯಾರು ತುಂಬಿದ್ದು?" ಎಂದು ಕೇಳಿದಳು. ದನಿ ಏರಿಸಲಿಲ್ಲ, ಅದೇ ಭಯ. ನಾನೇ ಎಂದು ಹೇಳಲು ಬಾಯಿ ತೆರೆದೆ.

"ನಾನೇ ತುಂಬಿದ್ದು" ಎಂಬ ದನಿ ವ್ಯಾನಿನ ಒಳಗಿನಿಂದ ಬಂತು. ಅತ್ತೆ! ದಿಂಬಿಗೆ ಒರಗಿ, ಲೋಟ ಕೆಳಗಿಡುತ್ತ ಹೇಳಿದರು. "ಶಬ್ದ ಜಾಸ್ತಿ ಅಂತ ನಾನೇ ತುಂಬ್ದೆ ಕಣೇ. ಅಳಿಯಂದ್ರನ್ನ ಏನೂ ಅನ್ಬೇಡ."

ಹೆಂಡತಿ ಕಿಂಡಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಫೋಮಿನ ತುಂಡುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದಳು, ದಿಂಬಿಗೆ ಆಗುತ್ತವೆ ಎಂದಳು. ಎಂಜಿನ್ನು ತಣ್ಣಗಾದ ಮೇಲೆ ಡಾಕ್ಟರು ಎಣ್ಣೆ ನೋಡಿ, ಒಂದಿಷ್ಟು ಸೇರಿಸಿ, ಚಾಲೂ ಮಾಡಿದರು. ಗಿರಣಿ ಮತ್ತೆ ಗುಡುಗಿತು. ನನ್ನ ಕಣ್ಣಲ್ಲಿ ನೀರೇ ಬಂತು, ಮರೆಮಾಚುವುದೇನು! ಡಾಕ್ಟರು ಗುಡ್ಡ ದಾಟುವವರೆಗೂ ನಮ್ಮ ಹಿಂದೆಯೇ ಬಂದರು.

ದೊಡ್ಡಮ್ಮ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಬೆಳಗಿನಿಂದ ಕೂತಿದ್ದರಂತೆ. ವ್ಯಾನಿನ ಸದ್ದು ಬೀದಿಯ ಆ ತುದಿಯಲ್ಲಿರುವಾಗಲೇ ಎದ್ದು ನಿಂತರಂತೆ. ಅತ್ತೆ ಇಳಿಯುವ ಮೊದಲೇ ಅವರು ಮಗನ ಕೈ ಹಿಡಿದು ಒಳಗೆ ಹತ್ತಿ ಬಂದು, ಹಾಸಿಗೆಯ ಅಂಚಿನಲ್ಲಿ ಕೂತು, ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಗುರುತು ಹಿಡಿಯುತ್ತಾರೋ ಇಲ್ಲವೋ! "ಏನೇ, ಇಷ್ಟು ತೆಳ್ಳಗಾಗಿದ್ದೀಯ" ಎಂದರು ದೊಡ್ಡಮ್ಮ. ಇಬ್ಬರೂ ಅಪ್ಪಿಕೊಂಡರು. ಕಿವಿಗೆ ಕಿವಿ ತಾಗಿ ಇಬ್ಬರ ಯಂತ್ರಗಳೂ ಕುಂಯ್ ಎಂದು ಒಟ್ಟಿಗೇ ಸೀಟಿ ಹೊಡೆದವು. ಬೇರೆ ದಿನವಾಗಿದ್ದರೆ ಓಡಿಹೋಗಿ ಸರಿಮಾಡುತ್ತಿದ್ದೆ. ಅಂದು ಮುಟ್ಟಲಿಲ್ಲ. ಆ ಸೀಟಿ ಎಷ್ಟೋ ಹೊತ್ತು ನಿಲ್ಲಲಿಲ್ಲ.

ಮನೆಯೊಳಗೆ ಬನ್ನಿ ಎಂದರೂ ಅವರು ಬರಲಿಲ್ಲ. ಅದೇ ಹಾಸಿಗೆಯ ಮೇಲೆ ಅಕ್ಕಪಕ್ಕ ಒರಗಿ, ಪರದೆ ಎಳೆದುಕೊಂಡು, ನಾಲ್ಕು ಗಂಟೆ ಮಾತಾಡಿದರು. ಹೊರಡುವಾಗ ದೊಡ್ಡಮ್ಮ ವ್ಯಾನಿನ ದುಂಡು ದೀಪವನ್ನು ಸೆರಗಿನಿಂದ ಒರೆಸಿದರು. ಅಷ್ಟರಲ್ಲಿ ಡಾಕ್ಟರ ಫೋನು ಬಂತು, ಕ್ಷೇಮವಾಗಿ ಮುಟ್ಟಿದಿರಾ ಎಂದು. ಹೆಂಡತಿ ಕ್ಷೇಮ ಹೇಳಿ, ಧನ್ಯವಾದ ಹೇಳಿ, ಆಮೇಲೆ ಗಾಡಿ ಕೊಡೋದಿಲ್ಲ ಡಾಕ್ಟ್ರೇ, ತಪ್ಪು ತಿಳೀಬೇಡಿ ಎಂದಳು. ನಾನು ಹೋಗಿ ವ್ಯಾನಿನ ಬೆನ್ನು ಸವರಿದೆ.

ಸಂಜೆ ಬಿಸಿಲಿನಲ್ಲಿ ಗುಡ್ಡ ಇಳಿಯುತ್ತಿದ್ದೆವು. ಹಿಂದೆ ಅತ್ತೆ ಮುಸುಕೆಳೆದು ಮಲಗಿದ್ದರು. ಅವರ ಹೆಗಲಿಗೆ ನನ್ನ ತಪ್ಪು ಹೊರಿಸಿ ಗಾಡಿ ಉಳಿಸಿಕೊಂಡೆನಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು. ಕೊನೆಗೆ ಧೈರ್ಯ ಮಾಡಿ, ಒಂದು ವಿಷಯ ಹೇಳಬೇಕು ಕಣೇ ಎಂದು ಶುರುಮಾಡಿದೆ.

"ಫೋಮು ತುಂಬಿದ್ದು ನೀವು. ಅದು ತಾನೇ?" ಎಂದಳು ಹೆಂಡತಿ, ಕಿಟಕಿಯ ಹೊರಗೆ ನೋಡುತ್ತ. "ಆ ಕಿಂಡಿ ನನ್ನ ತಲೆಗಿಂತ ಮೇಲಿದೆ. ಅಮ್ಮನ ಕೈ ಭುಜದ ಮೇಲಕ್ಕೆ ಏಳಲ್ಲ, ಅವಳ ತಲೆ ಬಾಚೋದೇ ನಾನು."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ಅಮ್ಮ ಮೊದಲ್ನೇ ಸಲ ನಿಮ್ಮ ಪರ ಮಾತಾಡಿದ್ಲು. ನಾನ್ಯಾಕೆ ಅದನ್ನ ಹಾಳ್ಮಾಡ್ಲಿ?"

ಎಂಜಿನ್ನಿನ ಗುಡುಗನ್ನೂ ಮೀರಿಸಿ, ಆದಷ್ಟು ಗಟ್ಟಿಯಾಗಿ ನನ್ನ ಸಮರ್ಥನೆ ಮಂಡಿಸಿದೆ. ನಾನು ಮಾಡಿದ್ದೆಲ್ಲ ಅತ್ತೆಗೋಸ್ಕರ, ಈ ಸದ್ದು ಅವರ ಯಂತ್ರದೊಳಗೆ ನುಗ್ಗಿ ಕಿವಿ ಕೆಡಬಾರದು ಎಂಬ ಒಂದೇ ಕಾಳಜಿಯಿಂದ, ಮೀಟರು ಇಟ್ಟು ಅಳೆದು, ವೈಜ್ಞಾನಿಕವಾಗಿ ಮಾಡಿದ್ದು ಎಂದೆ.

ಹಿಂದಿನಿಂದ ಮುಸುಕು ಸರಿದ ಸದ್ದಾಯಿತು.

"ಯಂತ್ರಾನಾ?" ಎಂದರು ಅತ್ತೆ. "ಅದನ್ನ ಬೆಳಿಗ್ಗೆ ಹೊರಡೋವಾಗ್ಲೇ ತೆಗೆದು ಚೀಲಕ್ಕೆ ಹಾಕಿದ್ದೆ ಅಳಿಯಂದ್ರೇ, ಗಾಡಿ ನಿಂತಾಗಷ್ಟೇ ಹಾಕ್ಕೋತೀನಿ. ಶಬ್ದ ಬೇಡ ಅಂದ್ರೆ ಹಂಗೇ ಅಲ್ವಾ ಮಾಡೋದು?"